ಕ್ಯೂಎಮುವಿನ ‘ಎಜು’ ಡಿವೈಸ್: ಡ್ರೈವರ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾರ್ಡ್ ಸಿಗುವುದಿಲ್ಲ, ಆದರೆ ಎಲ್ಲದರಲ್ಲೂ ನಂಬಬೇಡಿ

ಕರ್ನೆಲ್ ಡ್ರೈವರ್ (ಆಪರೇಟಿಂಗ್ ಸಿಸ್ಟಂನ ಒಳಗಿದ್ದು ಹಾರ್ಡ್‌ವೇರ್ ನಡೆಸುವ ಕೋಡ್) ಕಲಿಯಬೇಕು, ಕೈಯಲ್ಲಿ ಯಾವ ಕಾರ್ಡೂ ಇಲ್ಲ ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಇದು. ಕ್ಯೂಎಮು ಹಾಕಿಕೊಳ್ಳಿ, ಅದು ನಿಮ್ಮ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಸಾಫ್ಟ್‌ವೇರಿನಲ್ಲೇ ಓಡಿಸುವ ಪ್ರೋಗ್ರಾಂ. ಅದರೊಳಗೇ ‘ಎಜು’ ಅನ್ನುವ ಪಿಸಿಐ (ಕಂಪ್ಯೂಟರಿಗೆ ಕಾರ್ಡ್ ಸಿಕ್ಕಿಸುವ ಬಸ್) ಡಿವೈಸ್ ಇದೆ. ನಿಜವಾದ ಯಾವ ಕಾರ್ಡಿನ ನಕಲೂ ಅಲ್ಲ. ಜೆಕ್ ದೇಶದ ಮಸಾರಿಕ್ ವಿಶ್ವವಿದ್ಯಾಲಯದ ಲಿನಕ್ಸ್ ಕರ್ನೆಲ್ ಪಾಠಗಳಿಗಾಗಿ ಯಿರಿ ಸ್ಲಾಬಿ ಬರೆದದ್ದು. ದುಡ್ಡು ಕೊಡಬೇಕಾಗಿಲ್ಲ, ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಕಮಾಂಡಿನಲ್ಲಿ ಡಿವೈಸ್ ಆಯ್ಕೆಗೆ ಎಜು ಅಂತ ಕೊಟ್ಟರೆ ಗೆಸ್ಟ್ (ಕ್ಯೂಎಮು ಒಳಗೆ ಓಡುವ ಸಿಸ್ಟಂ) ಬೂಟ್ ಆದ ಮೇಲೆ ಪಿಸಿಐ ಪಟ್ಟಿಯಲ್ಲಿ 1234:11ಇ8 ಅನ್ನುವ ಗುರುತಿನೊಂದಿಗೆ ಕಾಣುತ್ತದೆ.

ಒಳಗೆ ಇರುವುದು ಸ್ವಲ್ಪವೇ. ಒಂದೇ ಒಂದು ಬಾರ್ (ಡಿವೈಸಿನ ರಿಜಿಸ್ಟರುಗಳು ಕಾಣುವ ವಿಳಾಸಗಳ ಜಾಗ), ಅಳತೆ 1 ಎಂಬಿ. ಸೊನ್ನೆಯ ಆಫ್‌ಸೆಟ್ (ಅಂದರೆ ಬಾರ್‌ನ ಆರಂಭದ ಜಾಗ) ಓದಿದರೆ ಡಿವೈಸಿನ ಗುರುತು ಬರುತ್ತದೆ. 4ರಲ್ಲಿ ಏನು ಬರೆದರೂ ಮತ್ತೆ ಓದುವಾಗ ಅದರ ಬಿಟ್‌ಗಳೆಲ್ಲ ತಲೆಕೆಳಗಾಗಿರುತ್ತವೆ (0 ಇದ್ದದ್ದು 1, 1 ಇದ್ದದ್ದು 0), ಮ್ಯಾಪ್ (ಬಾರ್‌ನ ಜಾಗವನ್ನು ಕರ್ನೆಲ್‌ನ ವಿಳಾಸಕ್ಕೆ ಜೋಡಿಸಿದ್ದು) ಸರಿಯಾಗಿದೆಯಾ ಅಂತ ನೋಡಲು ಇದು ಸಾಕು. 8ರಲ್ಲಿ ಸಂಖ್ಯೆ ಬರೆದರೆ ಅದರ ಫ್ಯಾಕ್ಟೋರಿಯಲ್ ಲೆಕ್ಕ ಹಾಕಿ ಕೊಡುತ್ತದೆ, ರಿಜಿಸ್ಟರ್ 32 ಬಿಟ್ ಆದ್ದರಿಂದ 12ರ ತನಕ ಮಾತ್ರ ಉತ್ತರ ಸರಿ ಇರುತ್ತದೆ. ಮೊದಲ 128 ಬೈಟ್‌ಗಳಲ್ಲಿರುವ ರಿಜಿಸ್ಟರುಗಳನ್ನು 4 ಬೈಟ್‌ ಅಳತೆಯಲ್ಲೇ ಓದಬೇಕು. ಒಂದು ಬೈಟ್ ಓದಲು ಹೋದರೆ ಸರಿಯಾದ ಉತ್ತರ ಬರುವುದಿಲ್ಲ. ಇಂಟರಪ್ಟ್ (ಡಿವೈಸ್ ತಾನಾಗಿ ಪ್ರೊಸೆಸರನ್ನು ಕರೆಯುವುದು) ಇದೆ, ಸಣ್ಣ ಡಿಎಂಎ (ಡಿವೈಸೇ ನೇರವಾಗಿ ಮೆಮೊರಿ ಓದಿ ಬರೆಯುವುದು) ಕೂಡ ಇದೆ. ದಾಖಲೆ ಚಿಕ್ಕದು, ಸ್ಪಷ್ಟವಾಗಿದೆ, ಒಂದೇ ಸಲ ಕೂತು ಓದಿ ಮುಗಿಸಬಹುದು. ಸಾಲದಿದ್ದರೆ ಡಿವೈಸಿನ ಸೋರ್ಸ್ ಕೋಡನ್ನೇ ತೆರೆದು ನೋಡಿ, ನಿಮ್ಮ ಡ್ರೈವರ್ ಬರೆದದ್ದು ಆ ಕಡೆ ಯಾವ ಸಾಲಿಗೆ ಹೋಗಿ ಬೀಳುತ್ತದೆ ಅಂತ ಕಣ್ಣಾರೆ ಕಾಣುತ್ತದೆ. ನಿಜವಾದ ಕಾರ್ಡಿನಲ್ಲಿ ಈ ಭಾಗ್ಯ ಎಲ್ಲಿ?

ಆದರೆ ನಾನು ಇದನ್ನು ಮೆಚ್ಚುವುದು ರಿಜಿಸ್ಟರುಗಳಿಗಾಗಿ ಅಲ್ಲ. ಓದುವುದು, ಬರೆಯುವುದು ಯಾರು ಬೇಕಾದರೂ ಒಂದು ಸಂಜೆಯಲ್ಲಿ ಕಲಿಯುತ್ತಾರೆ. ಕಷ್ಟ ಇರುವುದು ಡಿವೈಸಿನ ಜಾಗವನ್ನು ಹಿಡಿದುಕೊಳ್ಳುವುದರಲ್ಲಿ ಮತ್ತು ಸರಿಯಾದ ಹೊತ್ತಿಗೆ ಬಿಟ್ಟುಕೊಡುವುದರಲ್ಲಿ. ಅದನ್ನು ಕಲಿಯಬೇಕಾದರೆ ಕೆಡಿಸಿ ಕೆಡಿಸಿ ನೋಡಬೇಕು, ಮತ್ತು ಕೆಡಿಸಿದರೂ ನಿಮ್ಮ ಕಂಪ್ಯೂಟರ್ ಉಳಿಯಬೇಕು, ಅಲ್ವಾ? ವರ್ಚುವಲ್ ಮಷೀನ್ ಇರುವುದೇ ಅದಕ್ಕೆ.

ಒಂದು ಪ್ರಯೋಗ ಹೇಳುತ್ತೇನೆ, ದಯವಿಟ್ಟು ಮಾಡಿ ನೋಡಿ. ಪ್ರೋಬ್‌ನಲ್ಲಿ, ಅಂದರೆ ಡ್ರೈವರ್ ಡಿವೈಸಿಗೆ ಸೇರುವಾಗ ಓಡುವ ಫಂಕ್ಷನ್‌ನಲ್ಲಿ, ಬಾರ್‌ನ ಜಾಗವನ್ನು ಹಳೆಯ ರೀತಿಯಲ್ಲಿ, ಅಂದರೆ ರಿಕ್ವೆಸ್ಟ್ ಮಾಡಿ ಐಓರಿಮ್ಯಾಪ್ (ಮ್ಯಾಪ್ ಮಾಡುವ ಫಂಕ್ಷನ್) ಮಾಡಿ ಹಿಡಿದುಕೊಳ್ಳಿ. ರಿಮೂವ್‌ನಲ್ಲಿ (ಡ್ರೈವರ್ ಕಳಚುವಾಗ ಓಡುವ ಫಂಕ್ಷನ್) ಬೇಕೆಂದೇ ಬಿಡಬೇಡಿ. ಮಾಡ್ಯೂಲ್ (ನಿಮ್ಮ ಡ್ರೈವರ್ ಇರುವ ಫೈಲ್) ಕರ್ನೆಲ್‌ನಿಂದ ತೆಗೆದು ಮತ್ತೆ ಹಾಕಿ. ಎರಡನೇ ಸಲ ‘ಬ್ಯುಸಿ’ ಅಂತ ಎರರ್ ಬರುತ್ತದೆ, ಯಾಕೆಂದರೆ ಕರ್ನೆಲ್ ಲೆಕ್ಕದಲ್ಲಿ ಆ ಜಾಗ ಇನ್ನೂ ಯಾರದೋ ಹೆಸರಲ್ಲಿದೆ. ಇನ್ನೂ ಕೆಟ್ಟದ್ದು ಏನೆಂದರೆ, ಆ ಹೆಸರಿನ ಅಕ್ಷರಗಳು ನಿಮ್ಮ ಮಾಡ್ಯೂಲ್ ಒಳಗೇ ಇದ್ದರೆ, ಮಾಡ್ಯೂಲ್ ಹೋದ ಮೇಲೆ ಪ್ರಾಕ್‌ನ (ಕರ್ನೆಲ್ ತನ್ನ ಲೆಕ್ಕ ತೋರಿಸುವ ಡೈರೆಕ್ಟರಿ) ಐಓಮೆಮ್ ಫೈಲ್ ಓದಿದವರ ಮುಂದೆ ಕರ್ನೆಲ್ ಊಪ್ಸ್ (ಒಳಗೆ ಕೆಟ್ಟು ಎರರ್ ಕಾರುವುದು) ಆಗಿಬಿಡಬಹುದು. ಮ್ಯಾಪ್ ಸೋರಿಕೆ ನೋಡಬೇಕಾದರೆ ಅದೇ ಪ್ರಾಕ್‌ನ ವಿಮ್ಯಾಲಾಕ್‌ಇನ್ಫೋ ಫೈಲ್ ನೋಡಿ, ಬಿಡದೆ ಉಳಿದ ಐಓರಿಮ್ಯಾಪ್‌ಗಳು ಸಾಲಾಗಿ ಕೂತಿರುತ್ತವೆ.

ಇದನ್ನು ಒಂದು ಸಲ ಅನುಭವಿಸಿದ ಮೇಲೆ ಮ್ಯಾನೇಜ್ಡ್ ದಾರಿ (ಬಿಟ್ಟುಕೊಡುವ ಕೆಲಸವನ್ನು ಕರ್ನೆಲ್‌ಗೇ ವಹಿಸುವುದು) ಯಾಕೆ ಬಂತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. 2007ರಲ್ಲಿ 2.6.21 ಕರ್ನೆಲ್‌ಗೆ ತೇಜನ್ ಹಿಯೋ ಸೇರಿಸಿದ ಡೆವ್‌ರೆಸ್ ಅದು. ಡಿವೈಸಿನ ಹೆಸರಲ್ಲಿ ಪಡೆದದ್ದನ್ನೆಲ್ಲ ಕರ್ನೆಲ್ ಪಟ್ಟಿ ಮಾಡಿಟ್ಟುಕೊಳ್ಳುತ್ತದೆ, ಪ್ರೋಬ್ ಸೋತರೆ ಅಥವಾ ಡ್ರೈವರ್ ಕಳಚಿದರೆ ಪಡೆದ ಕ್ರಮಕ್ಕೆ ಉಲ್ಟಾ ಕ್ರಮದಲ್ಲಿ ಬಿಡುತ್ತದೆ. ಪಿಸಿಐನಲ್ಲಿ ಈ ಫಂಕ್ಷನ್‌ಗಳ ಹೆಸರು ‘ಪಿಸಿಐಎಂ’ ಅಂತ ಶುರುವಾಗುತ್ತದೆ. ಈಚಿನ ಕರ್ನೆಲ್‌ಗಳಲ್ಲಿ ಪಿಸಿಐಎಂ ಐಓಮ್ಯಾಪ್ ರೀಜನ್ ಅನ್ನುವ ಒಂದೇ ಫಂಕ್ಷನ್ ಜಾಗ ಹಿಡಿದು ಮ್ಯಾಪ್ ಮಾಡಿ ಪಾಯಿಂಟರ್ ಕೊಡುತ್ತದೆ. ಇಲ್ಲಿ ಒಂದು ಮಾತು ನೆನಪಿರಲಿ: ಇದು ಸೋತಾಗ ಕೊಡುವುದು ನಲ್ (ಖಾಲಿ ಪಾಯಿಂಟರ್) ಅಲ್ಲ, ಎರರ್ ಪಾಯಿಂಟರ್ (ಎರರ್ ಸಂಖ್ಯೆಯನ್ನೇ ಹೊತ್ತ ಪಾಯಿಂಟರ್). ಆದರೆ ಬರೀ ಪಿಸಿಐಎಂ ಐಓಮ್ಯಾಪ್ ಸೋತಾಗ ನಲ್ ಕೊಡುತ್ತದೆ. ಎರಡೂ ಅಕ್ಕಪಕ್ಕದಲ್ಲೇ ಇರುವ ಫಂಕ್ಷನ್‌ಗಳು, ತಪ್ಪು ಪರೀಕ್ಷೆ ಬರೆದರೆ ಕಂಪೈಲರ್ ತುಟಿ ಬಿಚ್ಚುವುದಿಲ್ಲ.

ಮ್ಯಾನೇಜ್ಡ್ ಬಳಸಿದರೆ ಮುಗಿಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲ! ಎಜು ನಿಜವಾಗಿ ಬೆಲೆ ಬಾಳುವುದು ಇಲ್ಲೇ. ನಿಮ್ಮ ಡ್ರೈವರ್ ಒಂದು ಕ್ಯಾರೆಕ್ಟರ್ ಡಿವೈಸ್ (ಪ್ರೋಗ್ರಾಂಗಳು ಫೈಲಿನಂತೆ ತೆರೆದು ಓದುವಂಥದ್ದು) ಕೊಡುತ್ತದೆ ಅಂತಿಟ್ಟುಕೊಳ್ಳಿ. ಒಂದು ಪ್ರೋಗ್ರಾಂ ಅದನ್ನು ತೆರೆದು ಹಾಗೇ ಹಿಡಿದಿರಲಿ. ಈಗ ಸಿಸ್‌ಎಫ್‌ಎಸ್‌ನ (ಕರ್ನೆಲ್ ತನ್ನ ಡಿವೈಸ್, ಡ್ರೈವರುಗಳನ್ನು ಫೈಲುಗಳಾಗಿ ತೋರಿಸುವ ಜಾಗ) ಅನ್‌ಬೈಂಡ್ ಫೈಲಿಗೆ ಬರೆದು ಡ್ರೈವರ್ ಕಳಚಿ, ಆಮೇಲೆ ಆ ಪ್ರೋಗ್ರಾಂನಿಂದ ಓದಿಸಿ. ಡೆವ್‌ರೆಸ್ ತನ್ನ ಕೆಲಸ ಸರಿಯಾಗಿ ಮಾಡಿ ಮ್ಯಾಪ್ ತೆಗೆದಿದೆ, ನಿಮ್ಮ ರೀಡ್ ಫಂಕ್ಷನ್ ಮಾತ್ರ ಹಳೆಯ ವಿಳಾಸವನ್ನೇ ಮುಟ್ಟುತ್ತದೆ, ಗೆಸ್ಟ್ ಊಪ್ಸ್ ಆಗುತ್ತದೆ. ಡ್ರೈವರಿನ ಖಾಸಗಿ ಸ್ಟ್ರಕ್ಟ್ ಅನ್ನೂ ಮ್ಯಾನೇಜ್ಡ್ ಮೆಮೊರಿಯಲ್ಲಿ ಇಟ್ಟಿದ್ದರೆ ಅದೂ ಹೋಗಿರುತ್ತದೆ, ಆಗ ಏನಾಗುತ್ತದೆ ಅಂತ ಹೇಳಲೇ ಆಗುವುದಿಲ್ಲ. ಫೈಲ್ ಬದುಕಿರುವ ಅವಧಿ ಬೇರೆ, ಡಿವೈಸ್ ಬದುಕಿರುವ ಅವಧಿ ಬೇರೆ. ಮ್ಯಾಪ್ ಡಿವೈಸಿನ ಜೊತೆ ಹೋಗಲಿ, ಸ್ಟ್ರಕ್ಟ್ ಕೊನೆಯ ಫೈಲ್ ಮುಚ್ಚುವ ತನಕ ರೆಫರೆನ್ಸ್ ಲೆಕ್ಕದಲ್ಲಿ (ಎಷ್ಟು ಜನ ಬಳಸುತ್ತಿದ್ದಾರೆ ಅನ್ನುವ ಎಣಿಕೆ) ಇರಲಿ, ರಿಜಿಸ್ಟರ್ ಮುಟ್ಟುವ ಮೊದಲು ಲಾಕ್ ಹಿಡಿದು ಡಿವೈಸ್ ಇದೆಯಾ ಅಂತ ನೋಡಿ. ಗ್ರಾಫಿಕ್ಸ್ ಡ್ರೈವರುಗಳಲ್ಲಿ ಡಿಆರ್‌ಎಂ ಡೆವ್ ಎಂಟರ್, ಎಕ್ಸಿಟ್ ಅಂತ ಜೋಡಿ ಇರುವುದು ಇದಕ್ಕೇ.

ಅರ್ಧ ಮ್ಯಾನೇಜ್ಡ್, ಅರ್ಧ ಕೈಯಿಂದ ಮಾಡುವ ಡ್ರೈವರುಗಳ ಕಾಯಿಲೆಯನ್ನೂ ಇಲ್ಲಿ ತೋರಿಸಬಹುದು. ಇಂಟರಪ್ಟ್ ಮ್ಯಾನೇಜ್ಡ್, ಮ್ಯಾಪ್ ಕೈಯಿಂದ ಮಾಡಿದ್ದು ಅಂದುಕೊಳ್ಳಿ. ರಿಮೂವ್ ಮೊದಲು ಓಡಿ ಮ್ಯಾಪ್ ತೆಗೆಯುತ್ತದೆ, ಇಂಟರಪ್ಟ್ ಹೋಗುವುದು ಆಮೇಲೆ. ಆ ಸಣ್ಣ ಸಂದಿಯಲ್ಲಿ ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಸತ್ತ ವಿಳಾಸ ಮುಟ್ಟುತ್ತದೆ. ಎಜುವಿಗೆ ಡಿಎಂಎ ಕೆಲಸ ಕೊಟ್ಟು ತಕ್ಷಣ ಕಳಚಿ ನೋಡಿ. ಅದು ಸುಮಾರು 100 ಮಿಲಿಸೆಕೆಂಡ್ ತಡ ಮಾಡಿ ಕೆಲಸ ಮುಗಿಸುವುದರಿಂದ, ರಿಮೂವ್‌ನಲ್ಲಿ ಸ್ವಲ್ಪ ನಿದ್ದೆ ಸೇರಿಸಿದರೆ ಈ ಸಂದಿಯನ್ನು ಬೇಕಾದಷ್ಟು ಅಗಲ ಮಾಡಬಹುದು.

ಇನ್ನು ನಂಬಬಾರದ ವಿಷಯ. ಎಜುವಿನ ರಿಜಿಸ್ಟರ್ ಹಿಂದೆ ನಿಜವಾದ ಬಸ್ ಇಲ್ಲ. ಕೆವಿಎಂನಲ್ಲಿ (ಗೆಸ್ಟನ್ನು ಪ್ರೊಸೆಸರಿನ ಮೇಲೆ ನೇರವಾಗಿ ಓಡಿಸುವ ಲಿನಕ್ಸ್ ಸೌಲಭ್ಯ) ಗೆಸ್ಟ್ ಆ ವಿಳಾಸ ಮುಟ್ಟಿದ ಕೂಡಲೇ ಪ್ರೊಸೆಸರ್ ಗೆಸ್ಟ್‌ನಿಂದ ಹೊರಗೆ ಬರುತ್ತದೆ, ಹೋಸ್ಟ್ (ನಿಮ್ಮ ನಿಜವಾದ ಕಂಪ್ಯೂಟರ್) ಕರ್ನೆಲ್ ಅದನ್ನು ಕ್ಯೂಎಮುವಿಗೆ ಕೊಡುತ್ತದೆ, ಕ್ಯೂಎಮು ಫಂಕ್ಷನ್ ಓಡಿಸಿ ವಾಪಸ್ ಬರುತ್ತದೆ. ಹಾಗಾಗಿ ಬರೆದ ಸಾಲು ಮುಗಿಯುವಷ್ಟರಲ್ಲಿ ಬರೆದದ್ದು ಡಿವೈಸಿಗೆ ತಲುಪಿಯೇ ಇರುತ್ತದೆ. ನಿಜವಾದ ಪಿಸಿಐನಲ್ಲಿ ಹಾಗಲ್ಲ, ಬರಹಗಳು ದಾರಿಯಲ್ಲಿ ಬಫರಿನಲ್ಲಿ ಕಾಯಬಹುದು, ತಲುಪಿತು ಅಂತ ಖಾತ್ರಿ ಮಾಡಿಕೊಳ್ಳಲು ಅದೇ ಡಿವೈಸಿನಿಂದ ಒಂದು ಸಲ ಓದಬೇಕಾಗುತ್ತದೆ. ಆ ಓದು ಮರೆತ ಡ್ರೈವರ್ ಎಜುವಿನ ಮೇಲೆ ವರ್ಷಗಟ್ಟಲೆ ಚೆನ್ನಾಗಿಯೇ ಓಡುತ್ತದೆ. ಮ್ಯಾಪ್‌ನ ಬಗೆ ತಪ್ಪಿದರೂ ಹಾಗೇ: ಮಾಮೂಲಿ ಐಓರಿಮ್ಯಾಪ್ ಹಾಕಬೇಕಾದ ಕಡೆ ರೈಟ್ ಕಂಬೈನಿಂಗ್ (ಬರಹಗಳನ್ನು ಒಟ್ಟುಗೂಡಿಸಿ ಕಳಿಸುವ) ಮ್ಯಾಪ್ ಹಾಕಿದರೂ ಇಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಜಾಗ ಹಿಡಿದು ಬಿಡುವ ವಿಷಯದಲ್ಲಿ ಎಜು ಹೇಳಿದ್ದನ್ನು ನಂಬಿ, ಹೊತ್ತು ಮತ್ತು ಕ್ರಮದ ವಿಷಯದಲ್ಲಿ ನಂಬಬೇಡಿ.

ವೇಗದ ಅಂದಾಜಿಗೂ ಇದನ್ನು ಬಳಸಬೇಡಿ. ಪ್ರತಿ ಓದಿಗೂ ಗೆಸ್ಟ್‌ನಿಂದ ಹೊರಗೆ ಹೋಗಿ ಬರುವುದರಿಂದ, ಸ್ಟೇಟಸ್ ರಿಜಿಸ್ಟರನ್ನು ಲೂಪಿನಲ್ಲಿ ಸುಮ್ನೆ ಓದುತ್ತಾ ಕೂರುವ ಡ್ರೈವರ್ ಜಾಸ್ತಿ ಸಮಯ ತಿನ್ನುತ್ತದೆ. ಇಂಟರಪ್ಟ್ ಬಳಸುವ ಅಭ್ಯಾಸವನ್ನು ಮೊದಲಿಂದಲೇ ಮಾಡಿಕೊಳ್ಳಿ.

ಕೊರತೆಗಳೂ ಇವೆ. ಇದು ಪಿಸಿಐ ಮಾತ್ರ. ಡಿವೈಸ್ ಟ್ರೀಯಿಂದ (ಮಷೀನಿನಲ್ಲಿ ಯಾವ ಡಿವೈಸ್ ಎಲ್ಲಿದೆ ಅಂತ ಕರ್ನೆಲ್‌ಗೆ ಹೇಳುವ ಪಟ್ಟಿ) ವಿಳಾಸ ಪಡೆಯುವ ಪ್ಲಾಟ್‌ಫಾರಂ ಡ್ರೈವರ್ ಕಲಿಯಬೇಕಾದರೆ ಆರ್ಮ್‌ನ ‘ವರ್ಟ್’ ಮಷೀನ್ ತೆಗೆದುಕೊಂಡು ವರ್ಟಿಯೋ ಎಂಎಂಐಓ (ಪಿಸಿಐ ಇಲ್ಲದೆ ನೇರ ವಿಳಾಸದಲ್ಲಿ ಸಿಗುವ ವರ್ಚುವಲ್ ಡಿವೈಸುಗಳು) ನೋಡಿ. ಅಲ್ಲಿ 512 ಬೈಟ್‌ಗಳ 32 ಕಿಟಕಿಗಳು ಸಾಲಾಗಿ ಇವೆ, ಕರ್ನೆಲ್‌ನಲ್ಲಿರುವ ಅದರ ಡ್ರೈವರ್ ಓದಲೂ ಚೆನ್ನಾಗಿದೆ. ಬಾರ್ ಹಿಂದೆ ನಿಜವಾದ ಮೆಮೊರಿಯೇ ಬೇಕು ಅಂದರೆ ಕ್ಯೂಎಮುವಿನದೇ ಐವಿಶ್‌ಮೆಮ್ ಡಿವೈಸ್ ಇದೆ. ಎಜುವಿನಲ್ಲಿ ಎರಡನೇ ಬಾರ್ ಇದ್ದಿದ್ದರೆ ಒಂದು ಸಿಕ್ಕಿ ಇನ್ನೊಂದು ಸಿಗದೆ ಹೋದಾಗಿನ ದಾರಿಯನ್ನೂ ಪರೀಕ್ಷಿಸಬಹುದಿತ್ತು, ಅದು ನನಗೆ ನಿಜಕ್ಕೂ ಬೇಕಾಗಿದ್ದ ಸೌಲಭ್ಯ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹಾಕುವವರಿಗೆ ಒಂದು ಸೂಚನೆ: ಓಡುತ್ತಿರುವ ಗೆಸ್ಟ್‌ನಿಂದ ಡಿವೈಸ್ ಕೀಳುವ ಪ್ರಯೋಗ ಮಾಡುವುದಿದ್ದರೆ ಹಳೆಯ ‘ಪಿಸಿ’ ಮಷೀನ್ ಆರಿಸಿಕೊಳ್ಳಿ. ಕ್ಯೂಎಮುವಿನ ಇನ್ನೊಂದು ಮಷೀನ್ ಬಗೆಯಾದ ಕ್ಯೂ35ರ ಮುಖ್ಯ ಬಸ್‌ಗೆ ಸಿಕ್ಕಿಸಿದರೆ ಕ್ಯೂಎಮು ಕೀಳಲು ಬಿಡುವುದಿಲ್ಲ.