ಕೂಪನ್ ತಗೊಂಡು ಮಿಕ್ಸಿ ಮಾರಿದ್ದಕ್ಕೆ ಕೋರ್ಟ್ ಸಮನ್ಸ್! ಇಲಿನಾಯ್‌ನಲ್ಲಿ ಅಂಗಡಿ ಇಟ್ಟವರು ದಯವಿಟ್ಟು ಓದಿ

ಶಿಕಾಗೋ ಸುತ್ತಮುತ್ತ ಅಂಗಡಿ ನಡೆಸುತ್ತಿರುವ ನಮ್ಮವರು, ಇಡಬೇಕು ಅಂತ ಯೋಚಿಸುತ್ತಿರುವವರು, ಇದನ್ನ ಪೂರ್ತಿ ಓದಿ. ಯುಗಾದಿಗೆ, ದೀಪಾವಳಿಗೆ ನೀವೆಲ್ಲ ಡಿಸ್ಕೌಂಟ್ ಕೊಡ್ತೀರಿ. ಆ ಡಿಸ್ಕೌಂಟ್ ಯಾರ ಜೇಬಿನಿಂದ ಹೋಯ್ತು ಅನ್ನೋ ಒಂದೇ ಪ್ರಶ್ನೆ ಇಟ್ಟುಕೊಂಡು ನಿಮ್ಮನ್ನ ಕೋರ್ಟಿಗೆ ಎಳೀಬಹುದು. ಎಳೆಯೋರು ಸರ್ಕಾರದವರೂ ಅಲ್ಲ, ಮೋಸಹೋದ ಗಿರಾಕಿಯೂ ಅಲ್ಲ. ಯಾರೋ ಮೂರನೆಯವರು.

ನಮ್ಮದು ಕುಕ್ಕರ್, ಮಿಕ್ಸಿ, ದೋಸೆ ಕಾವಲಿ ಮಾರುವ ಸಣ್ಣ ಅಂಗಡಿ. 2016ರ ದೀಪಾವಳಿಗೆ ಡಿಸ್ಟ್ರಿಬ್ಯೂಟರ್ ಒಬ್ಬರು ಕೂಪನ್ ಕಟ್ಟು ತಂದುಕೊಟ್ಟರು. 180 ಡಾಲರ್ ಮಿಕ್ಸಿ, 20 ಡಾಲರ್ ಕಡಿತ, ಆ 20 ಡಾಲರನ್ನ ಆಮೇಲೆ ಅವರೇ ಚೆಕ್ ಮೂಲಕ ನಮಗೆ ಕಟ್ಟಿಕೊಡ್ತಾರೆ. ಎಲ್ಲರಿಗೂ ಗೊತ್ತಿರೋ ವ್ಯವಹಾರವೇ. ಬಿಲ್ಲಿಂಗ್ ಮೆಷಿನ್‌ನಲ್ಲಿ ಡಿಸ್ಕೌಂಟ್ ಗುಂಡಿ ಒತ್ತಿದರೆ ಅದು 160ರ ಮೇಲೆ ಸೇಲ್ಸ್ ಟ್ಯಾಕ್ಸ್ ಲೆಕ್ಕ ಹಾಕುತ್ತಿತ್ತು. ಆ ಮೆಷಿನ್ ಮಾರಿದವನೇ ಬಂದು ಸೆಟ್ ಮಾಡಿಕೊಟ್ಟಿದ್ದು.

ಇಲಿನಾಯ್ ನಿಯಮ ಹೀಗಿದೆ. ಅಂಗಡಿಯವನು ತನ್ನ ಲಾಭದಲ್ಲಿ ಬಿಟ್ಟುಕೊಟ್ಟರೆ ಟ್ಯಾಕ್ಸ್ ಕಡಿಮೆಯಾದ ಬೆಲೆ ಮೇಲೆ. ಬೇರೆಯವರು ಆ ದುಡ್ಡು ತುಂಬಿಕೊಟ್ಟರೆ ಅದೂ ನಿಮ್ಮ ವಸೂಲಿಯೇ, ಟ್ಯಾಕ್ಸ್ ಪೂರ್ತಿ 180ರ ಮೇಲೆ. ರಾಜ್ಯದ ದರ 6.25%. ಅಂದರೆ ಒಂದು ಮಿಕ್ಸಿಗೆ ವ್ಯತ್ಯಾಸ ಒಂದೂಕಾಲು ಡಾಲರ್, ಊರಿನ ತೆರಿಗೆ ಸೇರಿದರೆ ಇನ್ನು ಸ್ವಲ್ಪ. ಆ ಒಂದೂಕಾಲು ಡಾಲರ್ ಉಳಿದದ್ದು ಗಿರಾಕಿಗೆ. ನಮಗೆ ಒಂದು ಸೆಂಟೂ ಬಂದಿಲ್ಲ. ಮತ್ತೆ ಹೇಳ್ತೀನಿ, ಒಂದು ಸೆಂಟೂ ಬಂದಿಲ್ಲ. ಆದರೆ ಇಲ್ಲಿ ಆ ತೆರಿಗೆಯ ಹೊಣೆ ಅಂಗಡಿಯವನ ತಲೆ ಮೇಲೆ, ಗಿರಾಕಿ ಕೊಟ್ಟಿರಲಿ ಬಿಟ್ಟಿರಲಿ.

ಈಗ ಮೈ ಉರಿಯೋ ಭಾಗ. 2019ರಲ್ಲಿ ಒಬ್ಬ ಬಂದು ದಪ್ಪ ಲಕೋಟೆ ಕೊಟ್ಟು ಹೋದ. ಮೇಲುಗಡೆ ‘ಸ್ಟೇಟ್ ಆಫ್ ಇಲಿನಾಯ್’ ಅಂತ. ರಾಜ್ಯ ಸರ್ಕಾರವೇ ನಮ್ಮ ಮೇಲೆ ಕೇಸ್ ಹಾಕಿದೆ ಅಂತ ಕೈಕಾಲು ತಣ್ಣಗಾಯ್ತು. ಕೆಳಗೆ ಓದಿದರೆ ರಾಜ್ಯದ ಹೆಸರಿನಲ್ಲಿ ಕೇಸ್ ಹಾಕಿರೋದು ಒಂದು ವಕೀಲರ ಸಂಸ್ಥೆ! ಅವರಿಗೂ ನಮಗೂ ಏನು ಸಂಬಂಧ ಅಂತ ಪುಟ ತಿರುಗಿಸಿದರೆ, ನಮ್ಮದೇ ರಸೀದಿಯ ನಕಲು. ಅವರ ಕಡೆಯವನೊಬ್ಬ ಗಿರಾಕಿಯ ಹಾಗೆ ಬಂದು ಎರಡು ಮಿಕ್ಸಿ ಕೊಂಡಿದ್ದ. ಅದರ ಕೆಳಗೆ, ಕೌಂಟರ್‌ನಲ್ಲಿದ್ದ ‘ಮಾಲೀಕರ ಪತ್ನಿ’ ಏನು ಹೇಳಿದರು ಅನ್ನೋದು.

ನನ್ನ ಹೆಂಡತಿಗೆ ಆ ಮನುಷ್ಯನ ನೆನಪಿದೆ. ಬಹಳ ಸಭ್ಯ. ದೋಸೆ ಹಿಟ್ಟು ರುಬ್ಬೋದು ಹೇಗೆ ಅಂತೆಲ್ಲ ಕೇಳಿ, ಬಿಲ್ ಆಗುವಾಗ ‘ಇಷ್ಟು ಕಡಿಮೆಗೆ ಕೊಟ್ಟರೆ ನಿಮಗೆ ನಷ್ಟ ಅಲ್ವಾ?’ ಅಂದನಂತೆ. ಇವಳು ಖುಷಿಯಿಂದ, ‘ಇಲ್ಲ ಇಲ್ಲ, ಕಂಪನಿಯವರು ನಮಗೆ ವಾಪಸ್ ಕೊಡ್ತಾರೆ’ ಅಂದಿದ್ದಾಳೆ. ಅಷ್ಟೇ ಅವನಿಗೆ ಬೇಕಾಗಿದ್ದದ್ದು. ನಕ್ಕು, ಥ್ಯಾಂಕ್ಸ್ ಹೇಳಿ ಹೋಗಿದ್ದಾನೆ. ಆ ಮಾತು ಅಕ್ಷರ ಬಿಡದೆ ದೂರಿನಲ್ಲಿತ್ತು. ಮನೆಗೆ ಬಂದ ನೆಂಟನಂತೆ ಮಾತಾಡಿಸಿದವಳ ಬಾಯಿಂದಲೇ ಸಾಕ್ಷಿ ತೆಗೆದುಕೊಂಡು ಹೋದ. ಅವಳು ಇವತ್ತಿಗೂ ಕೌಂಟರ್‌ನಲ್ಲಿ ಹೊಸಬರ ಹತ್ತಿರ ಸರಿಯಾಗಿ ಮಾತಾಡಲ್ಲ.

ಇದು ಇಲಿನಾಯ್ ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್. ರಾಜ್ಯಕ್ಕೆ ಸೇರಬೇಕಾದ ದುಡ್ಡು ತಪ್ಪಿಸಿದವರ ಮೇಲೆ ಹೊರಗಿನವರೂ ರಾಜ್ಯದ ಹೆಸರಿನಲ್ಲಿ ಕೇಸ್ ಹಾಕಬಹುದು ಅನ್ನೋ ಕಾನೂನು. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಕೊಳೆತ ಸರಕು ಮಾರಿದ ಕಂಟ್ರಾಕ್ಟರ್‌ಗಳನ್ನ ಹಿಡಿಯೋಕೆ 1863ರಲ್ಲಿ ಲಿಂಕನ್ ಕಾಲದಲ್ಲಿ ಬಂದ ಕೇಂದ್ರ ಕಾನೂನಿನ ಮಾದರಿ ಇದು. ಆ ಕೇಂದ್ರ ಕಾನೂನಿನಲ್ಲಿ ಆದಾಯ ತೆರಿಗೆ ಕೇಸ್ ನಡೆಯಲ್ಲ. ಇಲಿನಾಯ್‌ನಲ್ಲೂ ಆದಾಯ ತೆರಿಗೆ ಹೊರಗೆ, ಸೇಲ್ಸ್ ಟ್ಯಾಕ್ಸ್ ಮಾತ್ರ ಒಳಗೆ! ದೂರು ಮೊದಲು ಮುಚ್ಚಿದ ಲಕೋಟೆಯಲ್ಲಿ ಕೋರ್ಟಿನಲ್ಲಿರುತ್ತೆ, ನಿಮಗೆ ಸುಳಿವೇ ಇರಲ್ಲ. ರಾಜ್ಯದ ಮುಖ್ಯ ವಕೀಲರಾದ ಅಟಾರ್ನಿ ಜನರಲ್ ‘ಈ ಕೇಸ್ ನಮಗೆ ಬೇಡ’ ಅಂದರೂ ದೂರು ಕೊಟ್ಟವರು ತಾವೇ ನಡೆಸಬಹುದು, ಗೆದ್ದದ್ದರಲ್ಲಿ 25ರಿಂದ 30% ಅವರಿಗೆ. ನಷ್ಟಕ್ಕೆ ಮೂರು ಪಟ್ಟು, ಅದರ ಮೇಲೆ ಒಂದೊಂದು ತಪ್ಪಿಗೆ ಸಾವಿರಾರು ಡಾಲರ್ ದಂಡ. ನಾವು ಪ್ರತಿ ತಿಂಗಳು ತುಂಬಿದ ಸೇಲ್ಸ್ ಟ್ಯಾಕ್ಸ್ ಲೆಕ್ಕದ ಎಸ್‌ಟಿ-1 ಫಾರಂ ಒಂದೊಂದೂ ಒಂದು ತಪ್ಪು ಅಂತ ಅವರ ವಾದ. ಒಂದೂಕಾಲು ಡಾಲರ್ ಎಲ್ಲಿ, ಇದೆಲ್ಲಿ!

ಆ ವಕೀಲರ ಸಂಸ್ಥೆಗೆ ಫೋನ್ ಮಾಡಿ ಕೇಳಿದೆ. ‘ತಪ್ಪು ಕಂಡಿದ್ದರೆ ಅವತ್ತೇ ಹೇಳಬಹುದಿತ್ತಲ್ಲ?’ ಅದಕ್ಕೆ ಅಲ್ಲಿನ ವಕೀಲನ ಉತ್ತರ: ‘ನಿಮಗೆ ತಿಳಿಸಬೇಕಾದ ಹೊಣೆ ನಮಗಿಲ್ಲ.’ ‘ಬಾಕಿ ಎಷ್ಟಿದೆಯೋ ಬಡ್ಡಿ ಸಮೇತ ಇವತ್ತೇ ಕಟ್ತೀನಿ’ ಅಂದರೆ, ‘ಈಗ ಕಟ್ಟಿದರೂ ಕೇಸ್ ಹೋಗಲ್ಲ, ಸೆಟಲ್‌ಮೆಂಟ್ ಮೊತ್ತ ಇಮೇಲ್ ಮಾಡ್ತೀನಿ.’ ಎಷ್ಟು ತಣ್ಣಗೆ ಹೇಳಿದ ಅಂದರೆ, ದಿನಾ ಇದೇ ಕೆಲಸ ಇರಬೇಕು.

ಬಿಲ್ಲಿಂಗ್ ಮೆಷಿನ್‌ನವನು: ‘ಸೆಟ್ಟಿಂಗ್ಸ್ ಜವಾಬ್ದಾರಿ ವ್ಯಾಪಾರಿಯದು, ಕರಾರಿನಲ್ಲಿದೆ.’ ಡಿಸ್ಟ್ರಿಬ್ಯೂಟರ್ ಇನ್ನೂ ಒಂದು ಹೆಜ್ಜೆ ಮುಂದೆ: ‘ಬೇರೆ ಯಾವ ಅಂಗಡಿಯವರೂ ಹೀಗೆ ಕಂಪ್ಲೇಂಟ್ ಮಾಡಿಲ್ಲವಲ್ಲ ಸಾರ್.’ ನಾನೇನೋ ಜಗಳಗಂಟ ಅನ್ನೋ ಹಾಗೆ!

ನಮ್ಮ ವಕೀಲರು ಎರಡು ಮಾತು ಹೇಳಿದರು, ಅದು ಮಾತ್ರ ಉಪಯೋಗಕ್ಕೆ ಬಂತು. ಮೊದಲನೆಯದು, ಗೊತ್ತಿದ್ದೂ ಅಥವಾ ಪೂರ್ತಿ ಲೆಕ್ಕಿಸದೆ ಮಾಡಿದ್ದು ಅಂತ ಅವರು ಸಾಬೀತು ಮಾಡಬೇಕು. ಬರೀ ಅಜಾಗರೂಕತೆ ಸಾಲದು. ಎರಡನೆಯದು, 2018ರಲ್ಲಿ ಮೈ ಪಿಲ್ಲೋ ದಿಂಬು ಕಂಪನಿ ಕೇಸಿನಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್, ತಾನೇ ದೂರುದಾರನಾಗಿ ತಾನೇ ವಾದಿಸಿದ ವಕೀಲರ ಸಂಸ್ಥೆಗೆ ಸೋತವರಿಂದ ಆ ಕೆಲಸದ ಫೀಸು ಸಿಗಲ್ಲ ಅಂದಿದೆ. ಇದನ್ನ ಬರೆದು ಕಳಿಸಿದ ಮೇಲೆ ಅವರ ಮೊತ್ತ ಇಳೀತು. ಆದರೂ ಕೊಟ್ಟೆವು. ಕೋರ್ಟಿನಲ್ಲಿ ಗೆಲ್ಲೋಕೆ ಅದಕ್ಕಿಂತ ಜಾಸ್ತಿ ಖರ್ಚು.

ನ್ಯೂಯಾರ್ಕ್‌ನಲ್ಲಿ ಇಂಥ ತೆರಿಗೆ ಕೇಸ್ ಹಾಕಬೇಕಾದರೆ ವರ್ಷಕ್ಕೆ ಕನಿಷ್ಠ 10 ಲಕ್ಷ ಡಾಲರ್ ಆದಾಯ ಅಥವಾ ವ್ಯಾಪಾರ ಇರಬೇಕು, ನಷ್ಟ 3,50,000 ಡಾಲರ್ ದಾಟಿರಬೇಕು. ನಮ್ಮ ಮೇಲೆ ಬಿದ್ದಾಗ ಇಲ್ಲಿ ಅಂಥ ಬೇಲಿ ಇರಲಿಲ್ಲ. ಹಾಗಂತ ಹೆದರಿ ಎಲ್ಲದಕ್ಕೂ ಪೂರ್ತಿ ಬೆಲೆ ಮೇಲೆ ಟ್ಯಾಕ್ಸ್ ಹಾಕೋಕೂ ಹೋಗಬೇಡಿ. ಪೆನ್ಸಿಲ್ವೇನಿಯಾ, ಫ್ಲೋರಿಡಾಗಳಲ್ಲಿ ಕೂಪನ್‌ಗೆ ಮುಂಚಿನ ಬೆಲೆ ಮೇಲೆ ಟ್ಯಾಕ್ಸ್ ತಗೊಂಡರು ಅಂತ ಗಿರಾಕಿಗಳೇ ದೊಡ್ಡ ಹೋಲ್‌ಸೇಲ್ ಕ್ಲಬ್ ಮೇಲೆ ಕೇಸ್ ಹಾಕಿದ್ದಾರೆ. ಕಡಿಮೆ ತಗೊಂಡರೆ ಇವರು, ಜಾಸ್ತಿ ತಗೊಂಡರೆ ಅವರು.

ದುಡ್ಡು ಹೋದದ್ದಕ್ಕಿಂತ ಹೊಟ್ಟೆ ಉರಿಸಿದ್ದು ಬೇರೆ. ಕನ್ನಡ ಕೂಟದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಒಬ್ಬರು, ‘ಏನ್ರೀ, ಟ್ಯಾಕ್ಸ್ ನುಂಗಿದ್ರಂತೆ?’ ಅಂತ ನಗ್ತಾ ಕೇಳಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ, ನಮ್ಮದು ಒಂದೂಕಾಲು ಡಾಲರಿಗೆ ಹೋಯ್ತು.

ಇಷ್ಟು ಮಾಡಿ. ಡಿಸ್ಕೌಂಟ್ ದುಡ್ಡು ಯಾರದು ಅಂತ ಡಿಸ್ಟ್ರಿಬ್ಯೂಟರ್ ಕೈಯಲ್ಲಿ ಬರೆಸಿಕೊಳ್ಳಿ. ಮೆಷಿನ್‌ನಲ್ಲಿ ನಿಮ್ಮ ಡಿಸ್ಕೌಂಟ್‌ಗೆ ಒಂದು ಗುಂಡಿ, ಕಂಪನಿ ಕೂಪನ್‌ಗೆ ಬೇರೆ ಗುಂಡಿ ಇಡಿಸಿ. ಅನುಮಾನ ಇದ್ದರೆ ರೆವೆನ್ಯೂ ಇಲಾಖೆಗೆ ಬರೆದು ಕೇಳಿ, ಅವರ ಉತ್ತರ ಎತ್ತಿಡಿ. ಸಮನ್ಸ್ ಬಂದರೆ ನನ್ನ ಹಾಗೆ ಫೋನ್ ಎತ್ತಬೇಡಿ, ವಕೀಲರೇ ಮಾತಾಡಲಿ.

ಈ ಸಲ ಹಬ್ಬಕ್ಕೆ ಅದೇ ಡಿಸ್ಟ್ರಿಬ್ಯೂಟರ್ ಮತ್ತೆ ಕೂಪನ್ ಕಟ್ಟು ಕಳಿಸಿದ್ದಾನೆ. ಕಡಿತದ ದುಡ್ಡು ಯಾರು ಭರಿಸ್ತಾರೆ ಅಂತ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ ಅಂದೆ. ‘ನೋಡೋಣ ಸಾರ್’ ಅಂದವನು ಇನ್ನೂ ನೋಡ್ತಾ ಇದ್ದಾನೆ. ಅಲ್ಲಿಯವರೆಗೆ ನಮ್ಮಲ್ಲಿ ಮಿಕ್ಸಿ ಪೂರ್ತಿ ಬೆಲೆಗೇ.