ಹೆಸರು ಅಪ್ಪೆಮಿಡಿ, ಒಳಗಿರೋದು ಬೇರೆ: ದುಡ್ಡು ಕೊಡೋ ಮೊದಲು ಇದನ್ನು ಓದಿ

ಆನ್‌ಲೈನ್‌ನಲ್ಲಿ ಅಪ್ಪೆಮಿಡಿ, ಅಂದರೆ ಮಲೆನಾಡಿನ ಎಳೆ ಮಾವಿನಕಾಯಿಯ ಉಪ್ಪಿನಕಾಯಿ ತರಿಸುವವರು ದಯವಿಟ್ಟು ಒಂದು ನಿಮಿಷ ನಿಂತು ಓದಿ. ನಾನು 2,400 ರೂಪಾಯಿ ಕೊಟ್ಟು ನಾಲ್ಕು ಬಾಟಲಿ ತರಿಸಿ ಮೋಸ ಹೋಗಿದ್ದೇನೆ.

ನಮ್ಮೂರು ಸಿದ್ದಾಪುರದ ಕಡೆ. ಅಮ್ಮ ಈಗ ನಮ್ಮ ಜೊತೆ ಬೆಂಗಳೂರಿನಲ್ಲಿ ಇದ್ದಾರೆ. ಊರಲ್ಲಿ ಹೊಳೆಯಂಚಿನ ಮರ ಹತ್ತಿ ಮಿಡಿ ಕೊಯ್ಯುವವರು ಈ ವರ್ಷ ಸಿಗಲಿಲ್ಲ. ಅಮ್ಮನಿಗೋ ಮೊಸರನ್ನಕ್ಕೆ ಒಂದು ಮಿಡಿ ಇಲ್ಲದಿದ್ದರೆ ಊಟ ಸೇರಲ್ಲ. ಹಾಗಾಗಿ ಫೋನಿನಲ್ಲಿ ಹುಡುಕಿದೆ. 'ಅಪ್ಪಟ ಮಲೆನಾಡ ಅಪ್ಪೆಮಿಡಿ, ಮನೆಯಲ್ಲಿ ಮಾಡಿದ್ದು, ಬ್ಯಾಡಗಿ ಮೆಣಸಿನಕಾಯಿ, ಜಿಐ ಮಾನ್ಯತೆ' ಅಂತ ದೊಡ್ಡದಾಗಿ ಬರೆದಿದ್ದರು. ಜಿಐ ಅಂದರೆ ಒಂದು ಪ್ರದೇಶದ ವಿಶೇಷ ಪದಾರ್ಥಕ್ಕೆ ಸಿಗುವ ಸರ್ಕಾರಿ ಗುರುತು. ಚಂದದ ಫೋಟೋ ಬೇರೆ. ನಂಬಿಬಿಟ್ಟೆ.

ಬಾಟಲಿ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆದದ್ದು ವಿನೆಗರ್. ಅಮ್ಮ ಒಂದು ಮಿಡಿ ತಟ್ಟೆಗೆ ಹಾಕಿಕೊಂಡು ಬೆರಳಲ್ಲಿ ಒತ್ತಿದರು, ಪಿಚಕ್ ಅಂತ ಒಡೆದುಹೋಯಿತು. ಒಳಗೆ ಗೊರಟು ಆಗಲೇ ಬಲಿತು ಬಿಳಿ ನಾರು ಬಂದಿತ್ತು. ತೊಟ್ಟು ಒಂದಕ್ಕೂ ಇಲ್ಲ. "ತಮಾ, ಇದಕ್ಕೆ ಸೊನೆ ಪರಿಮಳವೇ ಇಲ್ಲೆ" ಅಂದು ತಟ್ಟೆ ಪಕ್ಕಕ್ಕೆ ಸರಿಸಿದರು. ನನಗೆ ಆಗ ಹೊಟ್ಟೆ ಉರಿದದ್ದು ದುಡ್ಡಿಗಲ್ಲ.

ಅಪ್ಪೆಮಿಡಿ ಅಂದರೆ ಯಾವುದೋ ಮಾವಿನ ಸಣ್ಣ ಕಾಯಿ ಅಲ್ಲ. ಅಘನಾಶಿನಿ, ಶರಾವತಿ, ವರದಾ ಹೊಳೆಗಳ ಅಂಚಿನಲ್ಲಿ, ಶಿರಸಿ, ಸಿದ್ದಾಪುರ, ಸಾಗರ, ರಿಪ್ಪನ್‌ಪೇಟೆ ಕಡೆ ತಾನಾಗಿ ಬೆಳೆದ ಮರಗಳ ಮಿಡಿ ಅದು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಂತ ಒಂದೊಂದು ಮರದ ಜಾತಿಗೂ ಹೆಸರಿದೆ, ಕೆಲವಕ್ಕೆ ಜೀರಿಗೆಯ ಪರಿಮಳ. ಅದರ ಜೀವ ಇರೋದೇ ಸೊನೆಯಲ್ಲಿ. ಅದಕ್ಕೇ ತೊಟ್ಟು ಮುರಿಯದ ಹಾಗೆ, ನೆಲಕ್ಕೆ ಬೀಳಿಸದೆ, ಬುಟ್ಟಿ ಕಟ್ಟಿ ಹಗ್ಗದಲ್ಲಿ ಇಳಿಸುತ್ತಾರೆ. ಪೆಟ್ಟು ಬಿದ್ದ ಮಿಡಿ ಭರಣಿಯಲ್ಲಿ ಮೆತ್ತಗಾಗಿ, ಜೊತೆಗಿದ್ದ ಮಿಡಿಗಳನ್ನೂ ಕೆಡಿಸುತ್ತದೆ. ಒಳ್ಳೆ ಮಿಡಿಯನ್ನು ಉಪ್ಪಿನಲ್ಲಿ ಹಾಕಿದರೆ ನೀರು ಬಿಟ್ಟು ಮುರುಟುತ್ತದೆ. ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಮೆಣಸಿನಕಾಯಿ, ಅರಿಶಿನ ಅರೆದು ಹಾಕುತ್ತಾರೆ. ವಿನೆಗರ್ ಯಾಕೆ ಬೇಕು ಹೇಳಿ? ಸರಿಯಾಗಿ ಹಾಕಿದ್ದು ವರ್ಷಗಟ್ಟಲೆ ಇರುತ್ತದೆ, ಅಲ್ವಾ.

ಆಮೇಲೆ ಕನ್ನಡಕ ಹಾಕಿಕೊಂಡು ಲೇಬಲ್‌ನ ಹಿಂಭಾಗ ಓದಿದೆ. ಸಣ್ಣ ಅಕ್ಷರದಲ್ಲಿ 'ಮಾವಿನಕಾಯಿ' ಅಂತ ಮಾತ್ರ ಇತ್ತು, ಅಪ್ಪೆ ಅನ್ನೋ ಮಾತೇ ಇಲ್ಲ. ಜೊತೆಗೆ ಕೆಡದಂತೆ ಹಾಕುವ ಪದಾರ್ಥಗಳ ಸಂಖ್ಯೆ 260 ಮತ್ತು 211, ಅಂದರೆ ವಿನೆಗರ್‌ನಲ್ಲಿರುವ ಅಸಿಟಿಕ್ ಆಸಿಡ್ ಮತ್ತು ಸೋಡಿಯಂ ಬೆಂಜೋಯೇಟ್. ಇವನ್ನು ಹಾಕೋದು ಕಾನೂನಿಗೆ ವಿರುದ್ಧ ಅಂತ ನಾನು ಹೇಳ್ತಿಲ್ಲ, ಆದರೆ ಮನೆಯಲ್ಲಿ ಮಾಡಿದ್ದು ಅಂತ ಮಾರಿದವರು ಇವನ್ನು ಮುಂದೆಯೇ ಹೇಳಬೇಕಿತ್ತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ ಸಿಕ್ಕಿದೆ, ಅದರ ಗುಣವೇ ಬಣ್ಣ ಜಾಸ್ತಿ, ಖಾರ ಕಡಿಮೆ. ಇದು ನಾಲಿಗೆ ಸುಡುವಷ್ಟು ಖಾರ. ಒಂದು ಚಮಚ ಮಸಾಲೆ ತಣ್ಣೀರಿಗೆ ಹಾಕಿ ನೋಡಿದೆ, ಕೂಡಲೇ ಗುಲಾಬಿ ಬಣ್ಣ ಹರಡಿತು. ಮೆಣಸಿನಕಾಯಿಯ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ, ನೀರಿಗೆ ಹೀಗೆ ಬಿಡಲ್ಲ.

ಮಾರಿದವರಿಗೆ ಫೋಟೋ ಕಳಿಸಿದೆ. "ಸರ್, ಅಪ್ಪೆಮಿಡಿ ಇರೋದೇ ಹೀಗೆ" ಅಂದರು. ಸಿದ್ದಾಪುರದವನಿಗೆ ಹೇಳೋ ಮಾತಾ ಇದು? ದುಡ್ಡು ವಾಪಸ್ ಕೇಳಿದ ಮೇಲೆ ಫೋನೇ ಎತ್ತಲಿಲ್ಲ.

ನೀವು ತರಿಸೋದಾದರೆ ಮೊದಲು ಲೇಬಲ್ ಹಿಂಭಾಗದ ಫೋಟೋ ಕೇಳಿ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಾ ನೋಡಿ. ಯಾವ ಊರಿನ ಮಿಡಿ, ಯಾವ ಜಾತಿ, ಕೊಯ್ದದ್ದು ಯಾವಾಗ ಅಂತ ಕೇಳಿ, ನಿಜವಾಗಿ ಮಾಡುವವರು ಖುಷಿಯಿಂದ ಹೇಳ್ತಾರೆ. ಜಿಐ ಅಂತ ಬರೆದಿದ್ದರೆ ಅವರು ಆ ಗುರುತಿನ ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿದೆಯಾ ಅಂತಲೂ ಕೇಳಿ. ಮೊದಲು ಕಾಲು ಕಿಲೋ ಸಾಕು, ನನ್ನ ಹಾಗೆ ಒಟ್ಟಿಗೆ ನಾಲ್ಕು ಬಾಟಲಿ ತರಿಸಬೇಡಿ. ಮೋಸ ಆದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ನಾನೂ ಮಾಡಿದ್ದೇನೆ. ಉಳಿದ ಮೂರು ಬಾಟಲಿ ತೆರೆದಿಲ್ಲ, ದೂರಿಗೆ ಬೇಕಾಗಬಹುದು ಅಂತ ಬಿಲ್ ಸಮೇತ ಎತ್ತಿಟ್ಟಿದ್ದೇನೆ.