ದುಬಿಯಾ ಜಿರಳೆಗಳಿಗೆ ಹೀಟ್ ಮ್ಯಾಟ್ ಮತ್ತು ತಾಪ ನಿಯಂತ್ರಕ: ರಾಯಚೂರಿನಲ್ಲಿ ಎರಡೂವರೆ ವರ್ಷ ಬಳಸಿದ ಮೇಲೆ

ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಪೆಟ್ಟಿಗೆಗೆ ಅಂಟಿಸಿ ಕರೆಂಟಿನಿಂದ ಕಾವು ಕೊಡುವ ಹಾಳೆ, ಅಂದರೆ 14 ವ್ಯಾಟ್‌ನ ಹೀಟ್ ಮ್ಯಾಟಿಗೆ ಐದರಲ್ಲಿ ಮೂರು. ಅದನ್ನು ಹಿಡಿತದಲ್ಲಿಡುವ ಎಸ್‌ಟಿಸಿ-1000 ತಾಪ ನಿಯಂತ್ರಕಕ್ಕೆ ಐದಕ್ಕೆ ಐದು. ಎರಡನ್ನೂ ಒಟ್ಟಿಗೆ ಕೊಳ್ಳುವಷ್ಟು ಹಣ ಕೈಯಲ್ಲಿ ಇಲ್ಲದಿದ್ದರೆ ಒಂದು ತಿಂಗಳು ಕಾಯಿರಿ. ಮ್ಯಾಟನ್ನು ಮಾತ್ರ ತಂದು ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ನಮ್ಮ ಊರಿನಲ್ಲಂತೂ ಖಂಡಿತ ಬೇಡ.

ನಮ್ಮ ಮನೆಯಲ್ಲಿ ನಾಲ್ಕು ಅಡಿಯ ಗಾಜಿನ ತೊಟ್ಟಿಯಲ್ಲಿ ಎರಡು ಆಸ್ಕರ್ ಮೀನುಗಳಿವೆ. ಅವುಗಳಿಗೆ ತಿನ್ನಿಸಲು ದುಬಿಯಾ ಜಿರಳೆ ಸಾಕುತ್ತೇನೆ. ಅಡುಗೆಮನೆಯಲ್ಲಿ ಓಡಾಡುವ ಜಿರಳೆಯಂತಲ್ಲ ಇದು. ದಕ್ಷಿಣ ಅಮೆರಿಕದ ಬಿಸಿ ಪ್ರದೇಶದ ಕೀಟ. ನುಣುಪಾದ ಪ್ಲಾಸ್ಟಿಕ್ ಗೋಡೆಯನ್ನು ಹತ್ತಲಾರದು, ಸದ್ದು ಮಾಡದು, ಡಬ್ಬಿ ಒಣಗಿದ್ದರೆ ವಾಸನೆಯೂ ಅಷ್ಟಾಗಿ ಬಾರದು. ತೌಡು, ಕ್ಯಾರೆಟ್, ಸೌತೆಕಾಯಿಯ ತುಂಡು ಹಾಕಿದರೆ ಸಾಕು. ಭತ್ತದ ಗಿರಣಿಗಳಿರುವ ಈ ಜಿಲ್ಲೆಯಲ್ಲಿ ತೌಡಿಗೇನೂ ಬರವಿಲ್ಲ.

ಮ್ಯಾಟ್ ತಂದ ದಿನ ಅವ್ವ ಕೇಳಿದಳು: "ರಾಯಚೂರಿನ ಬಿಸಿಲು ಸಾಲದೆಂದು ಇವಕ್ಕೆ ಕರೆಂಟಿನ ಕಾವು ಬೇರೆ ಬೇಕೇನೋ?" ಅದರ ಹಿಂದಿನ ವರ್ಷ ನಾನೂ ಹಾಗೆಯೇ ಎಣಿಸಿದ್ದೆ. ಮೇ ತಿಂಗಳಲ್ಲಿ 42 ಡಿಗ್ರಿ ಕಾಣುವ ಊರಿನಲ್ಲಿ ಶಾಖದ ಚಿಂತೆ ಯಾರಿಗಿರುತ್ತದೆ? ಆದರೆ ಡಿಸೆಂಬರ್ ನಡುವಿನಿಂದ ನಮ್ಮ ಹಿಂಬದಿಯ ಕೋಣೆ ಬೆಳಗಿನ ಜಾವ 19 ಡಿಗ್ರಿಗೆ ಇಳಿಯುತ್ತದೆ. ದುಬಿಯಾ ಚೆನ್ನಾಗಿ ಮರಿ ಹಾಕಬೇಕಾದರೆ 28ರಿಂದ 32 ಡಿಗ್ರಿ ಬೇಕು. ಆ ಚಳಿಗಾಲ ಒಂದೂ ದೊಡ್ಡ ಹುಳು ಸಾಯಲಿಲ್ಲ, ಒಂದೂ ಮರಿ ಹುಟ್ಟಲಿಲ್ಲ. ಜನವರಿಯಲ್ಲಿ ಒಂದು ದಿನ, ಅವು ಅಡಗಲೆಂದು ಇಟ್ಟಿದ್ದ ಖಾಲಿ ಮೊಟ್ಟೆ ಟ್ರೇ ಎತ್ತಿದಾಗ ತಳದಲ್ಲಿ ಹಳದಿ ಬಣ್ಣದ ಕೋಶವೊಂದು ಬಿದ್ದಿತ್ತು. ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಜೋಡಿಸಿದ ಮೊಟ್ಟೆಗಳು, ಒಣಗಿ ಗರಿಗರಿಯಾಗಿದ್ದವು. ಹೆಣ್ಣು ದುಬಿಯಾ ಈ ಕೋಶವನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಜೀವಂತ ಮರಿಗಳನ್ನು ಹೆರುತ್ತದೆ. ಚಳಿಗೋ ಒಣಹವೆಗೋ ನಲುಗಿದರೆ ಹೀಗೆ ಹೊರಗೆ ಚೆಲ್ಲಿಬಿಡುತ್ತದೆ. ಅದನ್ನು ಅಂಗೈಯಲ್ಲಿ ಹಿಡಿದು ನೋಡಿದ ಮೇಲೆ ನನಗೆ ತುಂಬಾ ಸಂಕಟವಾಯಿತು. ಮೀನಿಗೆ ಹಾಕುವ ಹುಳುವೇ ಆದರೂ ನಮ್ಮ ಪೆಟ್ಟಿಗೆಯಲ್ಲಿ ಇರುವಷ್ಟು ದಿನ ಅದು ಸುಖವಾಗಿರಬೇಕು.

ಮೊದಲು 40 ವ್ಯಾಟ್‌ನ ಬಲ್ಬ್ ನೇತುಹಾಕಿ ನೋಡಿದೆ. ಬೆಳಕಿಗೆ ಹೆದರಿ ಅವು ದಿನವಿಡೀ ಟ್ರೇಗಳ ಸಂದಿಯಿಂದ ಹೊರಗೇ ಬರಲಿಲ್ಲ, ತಿನ್ನುವುದೂ ಕಡಿಮೆಯಾಯಿತು. ಟ್ರೇಗಳು ಕಾಗದದ ರಟ್ಟಿನವು. ಬಲ್ಬಿಗೆ ತಾಗಿ ಹೊತ್ತಿಕೊಂಡೀತೆಂಬ ಅಂಜಿಕೆ ಬೇರೆ. ಎರಡೇ ವಾರಕ್ಕೆ ತೆಗೆದೆ.

ಮುಂದಿನ ದೀಪಾವಳಿಗೆ ಮ್ಯಾಟ್ ಮತ್ತು ನಿಯಂತ್ರಕ ತರಿಸಿದೆ. ನಿಯಂತ್ರಕದ ಹಿಂಬದಿಯಲ್ಲಿ ಎಂಟು ಸ್ಕ್ರೂಗಳಿವೆ: 1 ಮತ್ತು 2ಕ್ಕೆ ವಿದ್ಯುತ್, 3 ಮತ್ತು 4ಕ್ಕೆ ಸೆನ್ಸರ್, 5 ಮತ್ತು 6 ಬಿಸಿಗೆ, 7 ಮತ್ತು 8 ತಂಪಿಗೆ. ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಮ್ಯಾಟಿನ ಎರಡೂ ತಂತಿಗಳನ್ನು 5 ಮತ್ತು 6ಕ್ಕೆ ಕಟ್ಟಿ, "ಸರ್, ಪೀಸ್ ಕೆಟ್ಟದ್ದು ಕಳಿಸಿದ್ದಾರೆ, ಕರೆಂಟೇ ಬರುತ್ತಿಲ್ಲ" ಎಂದರು. ಕೆಟ್ಟಿರಲಿಲ್ಲ. ಆ ಜೋಡಿ ಕರೆಂಟ್ ಕೊಡುವುದಿಲ್ಲ, ಬರೀ ಸ್ವಿಚ್ಚಿನ ಕೆಲಸ ಮಾಡುತ್ತದೆ. ಫೇಸ್ ತಂತಿಯನ್ನು 5ಕ್ಕೆ ತಂದು, 6ರಿಂದ ಮ್ಯಾಟಿಗೆ ಒಯ್ದು, ನ್ಯೂಟ್ರಲ್ ಅನ್ನು ಮ್ಯಾಟಿಗೆ ನೇರವಾಗಿ ಕೊಡಬೇಕು. ಸ್ಕ್ರೂಗಳು ತೆರೆದೇ ಇರುತ್ತವೆ, 230 ವೋಲ್ಟ್ ಹರಿಯುತ್ತದೆ. ಆದ್ದರಿಂದ ಇದನ್ನು ಸ್ವಿಚ್ ಬೋರ್ಡಿನ ಡಬ್ಬಿಯೊಳಗೆ ಕೂರಿಸದೆ ಬಳಸಲೇಬಾರದು. ಕೆಲಸ ಗೊತ್ತಿದ್ದವರಿಂದಲೇ ಮಾಡಿಸಿ.

ಇನ್ನು ನಾನು ಮಾಡಿದ ತಪ್ಪು. ಮ್ಯಾಟನ್ನು ಪೆಟ್ಟಿಗೆಯ ಅಡಿಗೆ ಹಾಸಿದೆ, ಸೆನ್ಸರನ್ನು ಮುಚ್ಚಳದ ಹತ್ತಿರ ಇಳಿಬಿಟ್ಟೆ, 30 ಡಿಗ್ರಿಗೆ ಹೊಂದಿಸಿದೆ. ಒಳಗೆ ಎರಡು ಬೆರಳು ದಪ್ಪ ಹಿಕ್ಕೆ ಕೂತಿತ್ತು. ಆ ಹಿಕ್ಕೆ ಕಂಬಳಿಯಂತೆ ಶಾಖವನ್ನು ಕೆಳಗೇ ತಡೆಯಿತು. ಮೇಲಿನ ಸೆನ್ಸರ್ 27 ಎಂದೇ ತೋರಿಸುತ್ತಿದ್ದುದರಿಂದ ಮ್ಯಾಟ್ ನಾಲ್ಕು ದಿನ ಒಂದು ಕ್ಷಣವೂ ಆರಲಿಲ್ಲ. ಐದನೆಯ ದಿನ ಕೈಯಿಟ್ಟು ನೋಡಿದರೆ ಪ್ಲಾಸ್ಟಿಕ್ ತಳ ಮೆತ್ತಗಾಗಿ ಉಬ್ಬಿತ್ತು. ದೊಡ್ಡವೆಲ್ಲ ಟ್ರೇಗಳ ತುದಿಗೇರಿ ಒಂದರ ಮೇಲೊಂದು ಒತ್ತಿಕೊಂಡಿದ್ದವು. ಹಿಕ್ಕೆಯಲ್ಲಿ ಹುದುಗಿದ್ದ ಮರಿಗಳು ನಲವತ್ತಕ್ಕೂ ಹೆಚ್ಚು ಒಣಗಿ ಸತ್ತಿದ್ದವು. ಮ್ಯಾಟಿನ ಜೊತೆ ಬಂದ ಚೀಟಿಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ. ಅಂಕ ಕಳೆದದ್ದಕ್ಕೆ ಅದೂ ಒಂದು ಕಾರಣ.

ಈಗಿನ ವ್ಯವಸ್ಥೆ ಹೀಗಿದೆ. ಮ್ಯಾಟ್ ಪೆಟ್ಟಿಗೆಯ ಒಂದೇ ಕಿರುಬದಿಗೆ, ಹೊರಗಿನಿಂದ, ಹಿಕ್ಕೆಯ ಮಟ್ಟಕ್ಕಿಂತ ಮೇಲೆ. ಸೆನ್ಸರ್ ಒಳಗೆ, ಆ ಗೋಡೆಯಿಂದ ಎರಡು ಬೆರಳು ಈಚೆಗೆ, ಟ್ರೇಗಳ ನಡುವೆ. ಬಿಸಿ ತುದಿ 30 ಇದ್ದರೆ ಆಚೆ ತುದಿ 25 ಇರುತ್ತದೆ. ತನಗೆ ಎಷ್ಟು ಬೇಕೋ ಅಷ್ಟು ಕಾವನ್ನು ಪ್ರತಿಯೊಂದು ಹುಳು ತಾನೇ ಆರಿಸಿಕೊಳ್ಳುತ್ತದೆ. ಗಬ್ಬದ ಹೆಣ್ಣುಗಳು ಬಿಸಿ ತುದಿ ಬಿಟ್ಟು ಕದಲುವುದಿಲ್ಲ. ನೆಲ ಶಹಾಬಾದ್ ಕಲ್ಲಿನದಾದ್ದರಿಂದ ಪೆಟ್ಟಿಗೆಯ ಶಾಖವನ್ನೆಲ್ಲ ಹೀರಿಬಿಡುತ್ತಿತ್ತು. ಅಡಿಗೆ ಒಂದು ಇಂಚಿನ ಥರ್ಮೋಕೋಲ್ ಹಾಳೆ ಇಟ್ಟು, ಉಳಿದ ಮೂರು ಬದಿಗೂ ಅದನ್ನೇ ಕಟ್ಟಿದೆ. ಹಿಂದೆ ರಾತ್ರಿ ವಿದ್ಯುತ್ ಹೋದರೆ ಎರಡು ತಾಸಿಗೆ 22ಕ್ಕೆ ಇಳಿಯುತ್ತಿದ್ದುದು, ಈಗ ನಾಲ್ಕು ತಾಸು ಕಳೆದರೂ 26 ಇರುತ್ತದೆ. ಕರೆಂಟ್ ಮರಳಿದಾಗ ನಿಯಂತ್ರಕ ಇಟ್ಟ ಅಂಕೆಯನ್ನು ಮರೆತಿರುವುದಿಲ್ಲ, ತಾನಾಗಿ ಕೆಲಸ ಶುರುಮಾಡುತ್ತದೆ. ಇದೊಂದು ಗುಣಕ್ಕೇ ನಾನು ಅದಕ್ಕೆ ಋಣಿ.

ಹೊಂದಾಣಿಕೆಯ ವಿಷಯ: ನಿಯಂತ್ರಕದ ಎಫ್1ರಲ್ಲಿ ಬೇಕಾದ ತಾಪ 30, ಎಫ್2ರಲ್ಲಿ ಎಷ್ಟು ಇಳಿದರೆ ಹೊತ್ತಬೇಕೆಂಬ ಅಂತರ 1 ಇಟ್ಟಿದ್ದೇನೆ. 29ಕ್ಕೆ ಇಳಿದಾಗ ಟಕ್ ಎಂದು ಮ್ಯಾಟ್ ಹೊತ್ತುತ್ತದೆ, 30ಕ್ಕೆ ಟಕ್ ಎಂದು ಆರುತ್ತದೆ. ಎಫ್4 ಅಂಕೆಯ ತಪ್ಪು ತಿದ್ದಲು. ಉಗುರುಬೆಚ್ಚಗಿನ ನೀರಿನ ಲೋಟದಲ್ಲಿ ಸೆನ್ಸರನ್ನೂ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನೂ ಜೊತೆಯಾಗಿ ಅದ್ದಿದೆ. ಥರ್ಮಾಮೀಟರ್ 36.8 ಎಂದಿತು, ನಿಯಂತ್ರಕ 38.3 ಎಂದಿತು. ಎಫ್4ರಲ್ಲಿ ಒಂದೂವರೆ ಡಿಗ್ರಿ ಕಳೆದೆ, ಎರಡೂ ಒಂದಾದವು. ಐದು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ನಮ್ಮ ಊರಿನ ಚಳಿಗಾಲದ ಸ್ವಭಾವವೇ ಈ ಯಂತ್ರಕ್ಕೆ ಹೇಳಿ ಮಾಡಿಸಿದಂತಿದೆ. ಬೆಳಗಿನ ಜಾವ 19 ಇದ್ದ ಕೋಣೆ ಮಧ್ಯಾಹ್ನ ಮೂರಕ್ಕೆ 29 ಆಗಿರುತ್ತದೆ. ಸದಾ ಹೊತ್ತಿರುವ ಮ್ಯಾಟ್ ರಾತ್ರಿ ಕಾಯುತ್ತದೆ, ಹಗಲು ಬೇಯಿಸುತ್ತದೆ. ಆದ್ದರಿಂದ ಇಲ್ಲಿ ಬಿಸಿ ಮಾಡುವುದಕ್ಕಿಂತ ಬಿಸಿಯನ್ನು ಸರಿಯಾದ ಹೊತ್ತಿಗೆ ನಿಲ್ಲಿಸುವುದೇ ದೊಡ್ಡದು. ದಿನಕ್ಕೆ ಸರಾಸರಿ ಹತ್ತು ತಾಸು ಹೊತ್ತಿದರೂ ತಿಂಗಳಿಗೆ ನಾಲ್ಕೂಕಾಲು ಯೂನಿಟ್ ಮೀರುವುದಿಲ್ಲ. ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೊರಟಾಗ ಮ್ಯಾಟನ್ನೂ ಕಳಚಿ ಎತ್ತಿಡುತ್ತೇನೆ.

ಫಲ ಸಿಕ್ಕಿದ್ದು ಮ್ಯಾಟ್ ತಂದ ಚಳಿಗಾಲದಲ್ಲೇ, ಸಂಕ್ರಾಂತಿಯ ಮರುದಿನ. ಟ್ರೇ ಎತ್ತಿದೆ, ಎಳ್ಳುಕಾಳಿಗಿಂತ ತುಸು ದೊಡ್ಡ ಮರಿಗಳು, ಆಗಷ್ಟೇ ಹುಟ್ಟಿದವು, ಹಾಲಿನಂತೆ ಬಿಳಿ, ತಾಯಿಯ ಹೊಟ್ಟೆಯಡಿ ಗುಂಪುಗೂಡಿದ್ದವು. ಸಂಜೆಗೆ ಕಂದಾದವು. ಆ ವಾರ ಇನ್ನೂ ಮೂರು ಹೆಣ್ಣುಗಳು ಮರಿ ಹಾಕಿದವು. ಒಮ್ಮೆಗೆ ಇಪ್ಪತ್ತರಿಂದ ಮೂವತ್ತು.

ಮ್ಯಾಟ್ ಮಾತ್ರ ಬಾಳಿಕೆ ಬರಲಿಲ್ಲ. ಎರಡನೆಯ ಚಳಿಗಾಲದಲ್ಲಿ ತಂತಿ ಸೇರುವ ಜಾಗ ಕಂದು ಬಣ್ಣಕ್ಕೆ ತಿರುಗಿ, ಅಲ್ಲಷ್ಟೇ ಕೈ ಸುಡುವಂತಾಯಿತು. ಮಾರಿದವರಿಗೆ ಚಿತ್ರ ಸಹಿತ ಬರೆದೆ, ಅವಧಿ ಮುಗಿದಿದೆ ಎಂದರು. ಹೊಸದನ್ನು ಕೊಂಡೆ. ಹಿಂಬದಿಯ ಅಂಟೂ ಸರಿಯಿಲ್ಲ: ಮೊದಲ ವಾರ ಬಿಡದಂತೆ ಹಿಡಿಯುತ್ತದೆ, ತಿಂಗಳಲ್ಲಿ ಮೂಲೆಗಳು ಏಳುತ್ತವೆ. ಅಲ್ಯೂಮಿನಿಯಂ ಟೇಪ್ ಹಾಕಿ ಒತ್ತಿಡಬೇಕು. ನಿಯಂತ್ರಕದಲ್ಲಿ ಕಂಡ ತೊಂದರೆ ಒಂದೇ, ಅದೂ ನನ್ನಿಂದಲೇ. ಮುಚ್ಚಳಕ್ಕೆ ಸಿಕ್ಕಿ ಸೆನ್ಸರಿನ ತಂತಿ ತುಂಡಾಗಿ ನಸುಕಿನಲ್ಲಿ ಬಜರ್ ಕೂಗಿತು, ಪರದೆಯ ಮೇಲೆ ಇಇ ಎಂದಿತ್ತು. ಮ್ಯಾಟ್ ಆಗಲೇ ಆರಿತ್ತು. ಸೆನ್ಸರ್ ಕೆಟ್ಟಾಗ ಹೊತ್ತಿಸುವ ಬದಲು ಆರಿಸುವ ಬುದ್ಧಿ ಅದಕ್ಕಿದೆ. ಅಂದಿನಿಂದ ಅದಕ್ಕೆ ಹೊಂದುವ 10 ಕಿಲೋ ಓಮ್‌ನ ಎನ್‌ಟಿಸಿ (ಬಿಸಿಯಾದಂತೆ ವಿದ್ಯುತ್ ತಡೆ ಇಳಿಯುವ) ಸೆನ್ಸರ್ ಒಂದನ್ನು ಹೆಚ್ಚಿಗೆ ಇಟ್ಟುಕೊಂಡಿದ್ದೇನೆ.

ಮ್ಯಾಟ್ ಒಳಗಿನ ಹವೆಯನ್ನು ಒಣಗಿಸುತ್ತದೆ, ಪೊರೆ ಕಳಚುವ ಮರಿಗಳು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತವೆ. ತಂಪು ತುದಿಯಲ್ಲಿ ಒದ್ದೆ ಸ್ಪಂಜು ಇಡಿ. ಹಿಕ್ಕೆ ತೆಗೆಯುವಾಗ ಮೂಗಿಗೆ ಮಾಸ್ಕ್ ಕಟ್ಟಿ, ಆ ಧೂಳು ಕೆಲವರಿಗೆ ಅಲರ್ಜಿ ತರುತ್ತದೆ.

ಬೇಸಿಗೆಗೆ 7 ಮತ್ತು 8ಕ್ಕೆ ಚಿಕ್ಕ ಫ್ಯಾನ್ ಕಟ್ಟಿದ್ದೇನೆ. ಮೊದಲು ಏನೂ ಪ್ರಯೋಜನವಾಗಲಿಲ್ಲ, ಏಕೆಂದರೆ 38 ಡಿಗ್ರಿಯ ಕೋಣೆಯಲ್ಲಿ ಫ್ಯಾನ್ 38 ಡಿಗ್ರಿಯ ಗಾಳಿಯನ್ನೇ ಬೀಸುತ್ತದೆ. ಥರ್ಮೋಕೋಲ್ ತೆಗೆದು, ಪೆಟ್ಟಿಗೆಯನ್ನು ಬರೀ ಕಲ್ಲಿನ ನೆಲದ ಮೇಲಿಟ್ಟು, ಒದ್ದೆ ಗೋಣಿಚೀಲ ಸುತ್ತಿ, ಅದರ ಮೇಲೆ ಫ್ಯಾನ್ ತಿರುಗಿಸಿದಾಗ 33ಕ್ಕೆ ಇಳಿಯಿತು. ಚಳಿಗಾಲದಲ್ಲಿ ಶತ್ರುವಾಗಿದ್ದ ಶಹಾಬಾದ್ ಕಲ್ಲು ಈಗ ನಮ್ಮ ಪಕ್ಷಕ್ಕೆ ಬಂದಿದೆ. ಈ ಮೇ ತಿಂಗಳಲ್ಲಿ ಪರದೆ ಇದುವರೆಗೆ 35 ದಾಟಿಲ್ಲ.

ಎತ್ತಿಟ್ಟ ಎರಡನೆಯ ಮ್ಯಾಟಿನ ತಂತಿಯ ಬುಡವನ್ನು ದೀಪಾವಳಿಗೆ ಮುಂಚೆ ನೋಡಬೇಕು. ಕಂದು ಕಂಡರೆ ಮೂರನೆಯದನ್ನು ಬೇರೆ ಕಂಪನಿಯಿಂದ ತರಿಸುತ್ತೇನೆ. ನಿಯಂತ್ರಕ ಅದೇ ಇರುತ್ತದೆ.